ಮೇಲಿನ ಬೀದಿಗೆ ಹತ್ತದ ನೀರು

ಮನೆಯ ಮೇಲಿನ ಟ್ಯಾಂಕು ತುಂಬಿ ಹರಿಯುವ ಸದ್ದು ಕಿವಿಗೆ ಬಿದ್ದಾಗ ಅವನು ಒಂದು ಕೆನ್ನೆಯನ್ನಷ್ಟೇ ಬೋಳಿಸಿಕೊಂಡಿದ್ದ. ನೀರು ಗೋಡೆಗುಂಟ ಇಳಿದು ಹಿತ್ತಲಿನ ಸಿಮೆಂಟಿನ ಮೇಲೆ ಬಡಿಯುತ್ತಿತ್ತು. "ಮೋಟಾರು ನಿಲ್ಲಿಸೇ, ನೀರು ಹೋಗ್ತಿದೆ" ಎಂದು ಕೂಗಿದ. "ಸ್ವಿಚ್ಚು ನಿಮ್ಮ ತಲೆ ಹಿಂದೇನೇ ಇದೆ" ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ಹೌದು, ಇತ್ತು. ಒತ್ತಿದ. ನೀರು ಒಮ್ಮೆಲೇ ನಿಲ್ಲಲಿಲ್ಲ. ಅವನು ರೇಜರನ್ನು ಕೆನ್ನೆಯ ಹತ್ತಿರವೇ ಹಿಡಿದುಕೊಂಡು ಅದು ನಿಲ್ಲುವುದನ್ನು ಕಾದ. ನಗರಸಭೆಯ ಲೆಕ್ಕಾಧಿಕಾರಿಯ ಮನೆಯಲ್ಲಿ ನೀರು ಪೋಲಾಗುವುದು ಚೆಂದವಲ್ಲ ಎಂದುಕೊಂಡ. ಅದರ ಹಿಂದೆಯೇ ಮಧ್ಯಾಹ್ನದ ಸಭೆ ನೆನಪಾಯಿತು, ಸಭೆಯ ಹಿಂದೆ ಅಕ್ಕನ ಮುಖ. ಈಚೆಗೆ ನೀರು ಎಂದರೆ ಸಾಕು, ಇವೆಲ್ಲ ಒಂದರ ಬಾಲ ಹಿಡಿದು ಇನ್ನೊಂದು ಬಂದುಬಿಡುತ್ತಿದ್ದವು. ಚಹಾ ಲೋಟ ತಂದಿಟ್ಟ ಹೆಂಡತಿ ಅವನ ಮುಖವನ್ನು ನೋಡಿ, "ಇವತ್ತೇ ಅಲ್ವಾ ಮೀಟಿಂಗು? ಈ ಸಲನಾದ್ರೂ ನಿಮ್ಮ ಅಕ್ಕನ ಬೀದಿಗೆ ನೀರು ಕೊಡಿ ಅಂತೀರೋ, ಇಲ್ಲ ಹಳೇ ಹಾಡೇನೋ?" ಎಂದಳು. ಅವನಿಗೆ ರೇಗಿತು. "ಬೀದಿ ಅವಳೊಬ್ಬಳದೇನೇ?" ಎಂದ. "ನಾನೂ ಅದನ್ನೇ ಹೇಳ್ತಿರೋದು" ಎಂದು ಅವಳು ಒಳಗೆ ಹೋದಳು. ಅವಳು ಹೇಳಿದ್ದರಲ್ಲಿ ಏನೋ ಇತ್ತು, ಆದರೆ ಅದೇನೆಂದು ಹಿಡಿಯುವಷ್ಟರಲ್ಲಿ ಗಲ್ಲದ ಹತ್ತಿರ ಕೊಯ್ದುಕೊಂಡ.

ಗಲ್ಲಕ್ಕೆ ಕಾಗದದ ಚೂರು ಅಂಟಿಸಿಕೊಂಡೇ ಆಫೀಸಿಗೆ ನಡೆದ. ಈ ವರ್ಷವೂ ನಗರಸಭೆಯಲ್ಲಿ ದುಡ್ಡು ಉಳಿದಿತ್ತು. ಉಳಿಯುವುದೇನು ದೊಡ್ಡ ವಿಷಯವಲ್ಲ, ಹೇಗೆ ಉಳಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು: ತೆರಿಗೆ ಸರಿಯಾಗಿ ಬಂದಿತ್ತು, ಮಾರುಕಟ್ಟೆಯ ಮಳಿಗೆಗಳ ಬಾಡಿಗೆ ಬಂದಿತ್ತು, ನಿವೃತ್ತರಾದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಂಡಿರಲಿಲ್ಲ. ಹಾಗೆ ಉಳಿದದ್ದನ್ನು ಏನು ಮಾಡಬೇಕು ಎಂಬುದು ವರ್ಷದ ಕಡೆಯ ಸಭೆಯ ಕಡೆಯ ವಿಷಯ. ಅದಕ್ಕೊಂದು ರೂಢಿ ಬೆಳೆದುಬಿಟ್ಟಿತ್ತು. ಅಧ್ಯಕ್ಷೆ ಅವನ ಕಡೆ ತಿರುಗಿ "ನೀವೇನಂತೀರಿ?" ಎಂದು ಕೇಳಬೇಕು, ಅವನು ಎದ್ದು ನಿಂತು "ಮೀಸಲಿಗೆ ಹಾಕೋಣ" ಎನ್ನಬೇಕು, ಸದಸ್ಯರು ಮೇಜು ತಟ್ಟಬೇಕು, ಆಮೇಲೆ ಚಹಾ. ಇದು ಶುರುವಾದದ್ದು ನದಿ ಪೇಟೆಯೊಳಗೆ ಬಂದ ವರ್ಷ. ಪಂಪಿನ ಮನೆ ಮುಳುಗಿತ್ತು, ದವಾಖಾನೆಯ ನೆಲಮಾಳಿಗೆಯಲ್ಲಿ ಸೊಂಟದ ಮಟ್ಟ ಕೆಸರು, ಮೇಲಿನ ಸರ್ಕಾರದ ಹಣ ಇವತ್ತು ಬರುತ್ತದೆ ನಾಳೆ ಬರುತ್ತದೆ ಎನ್ನುವುದರಲ್ಲೇ ಮರುವರ್ಷವಾಯಿತು. ಅಕ್ಕಪಕ್ಕದ ಊರುಗಳು ಕೈಚೆಲ್ಲಿ ಕೂತಾಗ ಈ ಊರಿನಲ್ಲಿ ಮಾತ್ರ ಪಂಪು ರಿಪೇರಿಯಾಯಿತು, ಕಸ ಗುಡಿಸುವವರಿಗೆ ಸಂಬಳ ತಪ್ಪಲಿಲ್ಲ. ಕಾರಣ, ಯಾರಿಗೂ ಬೇಡವಾದ ಹೊತ್ತಿನಲ್ಲಿ ಅವನು ಹಠ ಹಿಡಿದು ಕೂಡಿಡಿಸಿದ್ದ ಮೀಸಲು ನಿಧಿ. ಆಗ ರಸ್ತೆಯಲ್ಲಿ ಗುರುತಿಲ್ಲದವರೂ ನಿಂತು ಕೈಮುಗಿದಿದ್ದರು. 'ತಿಜೋರಿ' ಎಂಬ ಅಡ್ಡಹೆಸರು ಬಂದದ್ದೂ ಆಗಲೇ. ಮೊದಮೊದಲು ಅದನ್ನು ಪ್ರೀತಿಯಿಂದ ಹೇಳುತ್ತಿದ್ದರು. ಯಾವಾಗಿನಿಂದ ದನಿ ಬದಲಾಯಿತೋ ಅವನಿಗೆ ಗೊತ್ತಾಗಲಿಲ್ಲ.

ತಿರುವಿನಲ್ಲಿ, ಮೇಲಿನ ಬೀದಿಗೆ ಹೋಗುವ ಮೆಟ್ಟಿಲುಗಳ ಬುಡದಲ್ಲಿ, ಸಾರ್ವಜನಿಕ ನಲ್ಲಿಯಿತ್ತು. ಅವನು ಎಂದಿನಂತೆ ಎದುರು ಬದಿಗೆ ದಾಟಿಕೊಂಡ. ಈ ಬದಿಯಲ್ಲಿ ನೆರಳಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬೆಳಗಿನ ಆ ಹೊತ್ತಿನಲ್ಲಿ ಎರಡು ಬದಿಯಲ್ಲೂ ನೆರಳೇ ಇರುತ್ತಿತ್ತು. ಊರಿನ ದೊಡ್ಡ ಟ್ಯಾಂಕಿಗಿಂತ ಎತ್ತರದಲ್ಲಿದ್ದ ಬೀದಿ ಅದೊಂದೇ. ನೀರು ಅಷ್ಟು ಮೇಲಕ್ಕೆ ಹತ್ತುತ್ತಿರಲಿಲ್ಲ. ಗುಡ್ಡದ ತಲೆಯ ಮೇಲೆ ಇನ್ನೊಂದು ಟ್ಯಾಂಕು, ಅದಕ್ಕೊಂದು ಪಂಪು, ಅಷ್ಟಾದರೆ ಮುಗಿಯಿತು. ಅದಿಲ್ಲದೆ ಮೇಲಿನ ಬೀದಿಯ ಹೆಂಗಸರು ದಿನಾ ಇಳಿದು, ಸರದಿ ಕಾದು, ಕೊಡ ಹೊತ್ತು ಹತ್ತುತ್ತಿದ್ದರು. ಅವರಲ್ಲಿ ಅಕ್ಕನೂ ಒಬ್ಬಳು. ಗಂಡ ಸತ್ತ ಮೇಲೆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಬದುಕು ನಡೆಸಿದವಳು, ಮದುವೆಯಾಗಿ ಬಂದ ಅದೇ ಬಾಡಿಗೆ ಮನೆಯಲ್ಲಿ ಉಳಿದವಳು. ಒಂದು ದಿನವೂ ಅವನ ಹತ್ತಿರ ನೀರಿನ ಮಾತೆತ್ತಿದವಳಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು, 'ನಿನ್ನ ತಮ್ಮ ಅಂತ ನಗರಸಭೆ ದುಡ್ಡನ್ನ ನಿನ್ನ ಮನೆಗೆ ಹರಿಸೋಕಾಗುತ್ತಾ' ಎಂದು ಮುಖದ ಮೇಲೆ ಕೇಳಬಹುದಿತ್ತು. ಅವಳು ಆ ಅವಕಾಶವನ್ನೇ ಕೊಡಲಿಲ್ಲ. ಅವನು ಹೋದಾಗಲೆಲ್ಲ ಒಂದು ಬಟ್ಟೆಯ ಅಂಚು ಮಡಿಸುತ್ತಲೋ ಗುಂಡಿ ಹಚ್ಚುತ್ತಲೋ, ಅವನ ಮಕ್ಕಳ ಓದು, ಅವನ ಬಿ.ಪಿ., ಅವನ ಹೆಂಡತಿಯ ತವರು, ಇಂಥವನ್ನೇ ಕೇಳುತ್ತಿದ್ದಳು. ಅವನು ವಾರಕ್ಕೊಮ್ಮೆ ಹೋಗುತ್ತಿದ್ದವನು ತಿಂಗಳಿಗೊಮ್ಮೆ ಹೋಗತೊಡಗಿದ, ಆಮೇಲೆ ಕೆಲಸ ಜಾಸ್ತಿ ಎಂದ.

ಅಪ್ಪ ಸತ್ತಾಗ ಬೀರು ತೆಗೆದು ನೋಡಿದವಳು ಅವಳೇ. ಒಳಗೆ ಹೊಚ್ಚಹೊಸ ಕಂಬಳಿಗಳಿದ್ದವು, ಅಂಗಡಿಯವರ ಕಾಗದವನ್ನೂ ಬಿಚ್ಚಿರಲಿಲ್ಲ. ಬೇಕಾದಾಗ ಇರಲಿ ಎಂದು ಅಪ್ಪ ತಂದಿಟ್ಟವು. ಬೇಕಾದಾಗ ಎಂದರೆ ಯಾವಾಗ ಎಂದು ಅಪ್ಪ ಎಂದೂ ಹೇಳಿರಲಿಲ್ಲ. ಅಕ್ಕನೂ ಅವನೂ ಚಿಕ್ಕವರಿದ್ದಾಗ ಚಳಿಗಾಲದಲ್ಲಿ ಒಂದೇ ಹಳೇ ಕಂಬಳಿಯನ್ನು ಆ ಕಡೆ ಈ ಕಡೆ ಎಳೆದಾಡುತ್ತಾ ಮಲಗುತ್ತಿದ್ದರು, ನಡುರಾತ್ರಿ ಎಚ್ಚರವಾದರೆ ಕಂಬಳಿಯೆಲ್ಲ ಅವನ ಮೈಮೇಲೇ ಇರುತ್ತಿತ್ತು. ಬಿಚ್ಚಿ ನೋಡಿದರೆ ಹೊಸ ಕಂಬಳಿಗಳಲ್ಲಿ ನುಸಿ ತೂತು ಮಾಡಿತ್ತು, ಜಾಲರಿಯ ಹಾಗೆ ಬೆಳಕು ಕಾಣುತ್ತಿತ್ತು. ಹೆಣ ಹೊರಗಿರುವಾಗಲೇ ಅಕ್ಕನಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ಬಂದವರು ಅಳುತ್ತಿದ್ದಾಳೆಂದು ಬೆನ್ನು ಸವರಿದರು. ಅವನಿಗೆ ನಗು ಬರಲಿಲ್ಲ. ಅಪ್ಪನ ಮೇಲೆ ಅವಳು ನಕ್ಕದ್ದು ತನ್ನ ಮೇಲೆ ನಕ್ಕ ಹಾಗೆ ಅನಿಸಿ ಎರಡು ದಿನ ಮಾತು ಬಿಟ್ಟಿದ್ದ. ಆದರೆ ನದಿ ಬಂದ ವರ್ಷ ಅಪ್ಪನೇ ಸರಿಯಾದನಲ್ಲ? ಕೂಡಿಟ್ಟದ್ದು ಊರನ್ನು ಉಳಿಸಿತಲ್ಲ? ಯಾವುದು ಕಂಬಳಿ, ಯಾವುದು ಪಂಪು ಎಂದು ಮುಂಚೆಯೇ ಹೇಳುವವರು ಯಾರು? ಈ ಪ್ರಶ್ನೆ ಅವನನ್ನು ಆಫೀಸಿನ ಬಾಗಿಲವರೆಗೂ ತಂದು ಬಿಟ್ಟಿತು, ಜವಾನ ಎದ್ದು ನಿಂತ, ಗಲ್ಲದ ಕಾಗದದ ಚೂರನ್ನು ನೋಡಿ ನೋಡದ ಹಾಗೆ ಮಾಡಿದ.

ನೀರಿನ ಇಂಜಿನಿಯರು ಆಗಲೇ ಬಂದು ಕೂತಿದ್ದ. ವರ್ಷ ವರ್ಷ ಅದೇ ಟ್ಯಾಂಕಿನ ಅಂದಾಜು ಪಟ್ಟಿ ತಯಾರಿಸುವುದು, ಸಿಮೆಂಟಿನ ಬೆಲೆ ತಿದ್ದುವುದು, ವಾಪಸು ತೆಗೆದುಕೊಂಡು ಹೋಗುವುದು ಅವನ ಪಾಲಿಗೆ ಬಂದಿತ್ತು. ಬೇಸರವಾಗಿದ್ದರೂ ತೋರಿಸಿಕೊಳ್ಳುವ ಜಾಯಮಾನ ಅವನದಲ್ಲ. "ಸಾರ್, ಈ ಕೂಸು ನನ್ನ ಕೈಯಲ್ಲೇ ದೊಡ್ಡದಾಗ್ತಿದೆ. ಇನ್ನೆರಡು ವರ್ಷ ಹೋದ್ರೆ ಮದುವೆ ಮಾಡಬೇಕು" ಎಂದು ಫೈಲನ್ನು ಮೇಜಿನ ಮೇಲಿಟ್ಟ. ಲೆಕ್ಕಾಧಿಕಾರಿ ನಗಲು ನೋಡಿದ. "ದುಡ್ಡು ಇದೆಯೋ ಇಲ್ವೋ, ಅದೊಂದು ಹೇಳಿಬಿಡಿ ಸಾರ್" ಎಂದ ಇಂಜಿನಿಯರು. "ಇರೋದು ಬೇರೆ, ಖರ್ಚು ಮಾಡೋದು ಬೇರೆ." "ಮತ್ತೊಂದು ನೆರೆ ಬಂದ್ರೆ ಅಂತೀರಿ." "ಬರಲ್ಲ ಅಂತ ನೀವು ಬರ್ಕೊಡ್ತೀರಾ?" "ನಾನು ಯಾರು ಸಾರ್ ಬರ್ಕೊಡೋಕೆ. ಆದ್ರೆ ಮೇಲಿನ ಬೀದಿಯೋರಿಗೆ ದಿನಾ ಬೆಳಿಗ್ಗೆ ನೆರೆ ಬಂದಂಗೇ ಅಲ್ವಾ?" ಎಂದು ಹೇಳಿದವನು, ಹೇಳಬಾರದ್ದನ್ನು ಹೇಳಿದೆನೇನೋ ಎಂಬಂತೆ ಎದ್ದುಬಿಟ್ಟ. ಬಾಗಿಲ ಹತ್ತಿರ ಹೋಗಿ ನಿಂತು, "ನಿಮ್ಮ ಕಷ್ಟ ನಂಗೆ ಅರ್ಥವಾಗುತ್ತೆ ಬಿಡಿ" ಎಂದ. ಯಾವ ಕಷ್ಟ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಯಾಕೆಂದರೆ ಗೊತ್ತಿತ್ತು. ಟ್ಯಾಂಕಿಗೆ ಹೌದು ಎಂದರೆ 'ತಿಜೋರಿ ಬಾಗಿಲು ಅಕ್ಕನಿಗೆ ಮಾತ್ರ ತೆರೀತು' ಎನ್ನುತ್ತಾರೆ. ಆ ಒಂದು ವಾಕ್ಯವನ್ನು ಯಾರೂ ಇನ್ನೂ ಹೇಳಿರಲಿಲ್ಲ. ಅವನೇ ಅದನ್ನು ಹತ್ತಾರು ಬಾಯಿಗಳಲ್ಲಿ, ಚಹಾದಂಗಡಿಯ ಬಾಯಿಯಲ್ಲಿ, ಸ್ವಂತ ಗುಮಾಸ್ತರ ಬಾಯಿಯಲ್ಲಿ, ಕೇಳಿಕೊಂಡುಬಿಟ್ಟಿದ್ದ. ಕೆಲಸಕ್ಕೆ ಸೇರಿದಾಗಿನಿಂದ ಒಂದು ಪೆನ್ಸಿಲನ್ನೂ ಮನೆಗೆ ಒಯ್ಯದವನಿಗೆ ಆ ಮಾತು ಸಾವಿಗಿಂತ ಹೆಚ್ಚಾಗಿ ಕಾಣುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಮುಂಚೆ ಮೊಗಸಾಲೆಯಲ್ಲಿ ಗದ್ದಲ ಕೇಳಿಸಿತು. ಮೇಲಿನ ಬೀದಿಯವರು ಮನವಿ ಕೊಡಲು ಬಂದಿದ್ದರು, ಬಹುತೇಕ ಹೆಂಗಸರೇ. ಒಳಗೆ ಬಿಡು ಎಂದು ಜವಾನನಿಗೆ ಹೇಳಿದ. ಅವರು ಬಂದು ಗೋಡೆಗೆ ಒತ್ತಿಕೊಂಡು ನಿಂತರು, ಕುರ್ಚಿಗಳಿದ್ದರೂ ಯಾರೂ ಕೂರಲಿಲ್ಲ, ಮತ್ತು ಅವರ ನಡುವೆ, ಎರಡನೇ ಸಾಲಿನಲ್ಲಿ, ಕೈಚೀಲವನ್ನು ಎದೆಗೊತ್ತಿ ಹಿಡಿದುಕೊಂಡು ಅಕ್ಕ ನಿಂತಿದ್ದಳು. ಅವಳು ಈ ಕೋಣೆಗೆ ಬಂದದ್ದು ಇದೇ ಮೊದಲು. ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು, ಇನ್ನೊಂದರ ಮೊಣಕಾಲು ನೋಯುತ್ತಿರಬೇಕು. ಅವನು ಎದ್ದು ಕುರ್ಚಿ ಎಳೆದುಕೊಡಬೇಕಿತ್ತು. ಕಾಲುಗಳು ಅದಕ್ಕೆ ಸಿದ್ಧವೂ ಆದವು. ಆದರೆ ಬಾಗಿಲಲ್ಲಿ ಇಬ್ಬರು ಗುಮಾಸ್ತರು ಇಣುಕುತ್ತಿದ್ದರು. ಅವನು ಮನವಿಯನ್ನು ಓದಿದಂತೆ ಮಾಡಿದ, ಅಕ್ಷರ ಒಂದೂ ಕಾಣಲಿಲ್ಲ. "ಸಭೆಯ ಮುಂದೆ ಇಡ್ತೀವಿ" ಎಂದ. ಹೆಂಗಸರು ಒಬ್ಬೊಬ್ಬರೇ ಹೊರಗೆ ಹೋದರು. ಅಕ್ಕ ಕಡೆಯವಳಾಗಿ ಉಳಿದಳು. ಮೇಜಿನ ಹತ್ತಿರ ಬಂದು, ಗುಮಾಸ್ತರ ಕಡೆ ಒಮ್ಮೆ ನೋಡಿ, "ಒಂದು ಮಾತು ಹೇಳಬೇಕಿತ್ತು ಸಾರ್" ಎಂದಳು.

ಸಾರ್. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅದೇ ಅವನನ್ನು ಕೆಡವಿದ್ದು. ವ್ಯಂಗ್ಯವಿದ್ದರೆ ತಡೆದುಕೊಳ್ಳಬಹುದಿತ್ತು. ಅವನ ಮಾನ ಉಳಿಸಲೆಂದೇ ಅವಳು ಆ ಪದವನ್ನು ಆರಿಸಿಕೊಂಡಿದ್ದಳು. ಬರುವ ದಾರಿಯಲ್ಲಿ ಯೋಚಿಸಿ, ಹೀಗೆ ಕರೆದರೆ ತಮ್ಮನಿಗೆ ತೊಂದರೆಯಾಗದು ಎಂದು ತೀರ್ಮಾನಿಸಿಕೊಂಡು ಬಂದಿದ್ದಳು. ಅವನ ಬಾಯಿಂದ ಬಂದದ್ದನ್ನು ಅವನಿಗೇ ನಂಬಲಾಗಲಿಲ್ಲ. "ಏನಿದ್ರೂ ಬರೆದು ಕೊಡಿ ಅಮ್ಮಾ" ಎಂದ. ಅಮ್ಮಾ ಎಂದ. ತನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಡಿಸಿದವಳನ್ನು, ಮಗ್ಗಿ ತಪ್ಪಿದಾಗ ಕಿವಿ ಹಿಂಡಿದವಳನ್ನು. ಅಕ್ಕನ ಹುಬ್ಬು ಸ್ವಲ್ಪವೇ ಮೇಲೆದ್ದು ಇಳಿಯಿತು. "ಬರೆಯೋ ಅಂಥದ್ದಲ್ಲ. ಇರಲಿ ಬಿಡಿ, ಆಮೇಲೆ ಹೇಳ್ತೀನಿ" ಎಂದು ಹೊರಟುಹೋದಳು. ಅವಳ ಚಪ್ಪಲಿಯ ಸದ್ದು ಮೊಗಸಾಲೆಯುದ್ದಕ್ಕೂ ಕೇಳಿಸಿತು, ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ. ಕೊನೆಗೂ ಕೇಳಲು ಬಂದಳಲ್ಲ, ಇಷ್ಟು ವರ್ಷ ಹಿಡಿದ ಹಠ ಬಿಟ್ಟು ತನಗಾಗಿ ಬೇಡಲು ಬಂದಳಲ್ಲ, ಎಂದು ಅವನಿಗೆ ಅಳು ಬಂದಂತಾಯಿತು. ಊಟದ ಡಬ್ಬಿ ತೆರೆದು, ಮುಚ್ಚಿ, ಜವಾನನಿಗೆ ಕೊಟ್ಟುಬಿಟ್ಟ. ಬೆಳಿಗ್ಗೆಯೇ ಬರೆದಿಟ್ಟುಕೊಂಡಿದ್ದ ಟಿಪ್ಪಣಿ ಡ್ರಾಯರಿನಲ್ಲಿತ್ತು: ಹೆಚ್ಚುವರಿ ಹಣವನ್ನು ಮೀಸಲು ನಿಧಿಗೆ ವರ್ಗಾಯಿಸುವುದು ಸೂಕ್ತ. ಎಷ್ಟು ಸಲ ಬರೆದಿದ್ದನೆಂದರೆ, ಪೆನ್ನು ತಾನೇ ಬರೆಯುತ್ತಿತ್ತು.

ಸಭಾಂಗಣದಲ್ಲಿ ಫ್ಯಾನುಗಳು ನಿಧಾನವಾಗಿ ತಿರುಗುತ್ತಿದ್ದವು. ಬೀದಿದೀಪ, ಚರಂಡಿ, ಮಾರುಕಟ್ಟೆಯ ಶೌಚಾಲಯ, ಎಲ್ಲ ಮುಗಿದು ಕಡೆಯ ವಿಷಯ ಬರುವಷ್ಟರಲ್ಲಿ ಅರ್ಧ ಜನ ಆಕಳಿಸುತ್ತಿದ್ದರು. ಔಷಧಿ ಅಂಗಡಿಯ ಸದಸ್ಯ, ಈ ಸಲವೇ ಹೊಸದಾಗಿ ಆರಿಸಿ ಬಂದವನು, ರೂಢಿ ಗೊತ್ತಿಲ್ಲದೆ ಮೊದಲೇ ಎದ್ದು ನಿಂತ. "ದುಡ್ಡು ಇಟ್ಕೊಂಡು ಏನು, ಉಪ್ಪಿನಕಾಯಿ ಹಾಕ್ತೀರಾ? ತೆರಿಗೆ ಕಟ್ಟಿದೋರು ಬದುಕಿರೋವಾಗ ಅವರಿಗೆ ಉಪಯೋಗಕ್ಕೆ ಬರಬೇಕಲ್ವಾ? ನನ್ನ ಅಂಗಡಿಗೆ ಮೇಲಿನ ಬೀದಿಯಿಂದ ಬರೋರೆಲ್ಲ ಸೊಂಟಕ್ಕೆ, ಮೊಣಕಾಲಿಗೆ ಮುಲಾಮು ಕೇಳ್ಕೊಂಡೇ ಬರೋದು. ನಂಗೆ ವ್ಯಾಪಾರ, ನಿಜ. ಆದ್ರೂ ನಾಚಿಕೆಯಾಗುತ್ತೆ" ಎಂದ. ಯಾರೋ ನಕ್ಕರು. ಹಿರಿಯ ಸದಸ್ಯರು, ಎಲ್ಲರೂ ಮೇಷ್ಟ್ರು ಎಂದು ಕರೆಯುವ ನಿವೃತ್ತ ಉಪಾಧ್ಯಾಯರು, ಕನ್ನಡಕ ಒರೆಸುತ್ತಾ ಹೇಳಿದರು: "ನೆರೆಯ ವರ್ಷ ನೀವು ಈ ಊರಲ್ಲಿರಲಿಲ್ಲಪ್ಪ. ಹೆಗಲ ಮೇಲೆ ಮಕ್ಕಳನ್ನ ಕೂರಿಸಿಕೊಂಡು ದಾಟಿದ್ದು ನಾವು. ಮೀಸಲು ಇರಲಿಲ್ಲ ಅಂದಿದ್ರೆ ಯಾರ ಮನೆ ಬಾಗಿಲಿಗೆ ಹೋಗಬೇಕಿತ್ತು? ಒಳ್ಳೇ ಕಾಲದಲ್ಲಿ ಖರ್ಚು ಮಾಡೋಕೆ ಜಾಣತನ ಬೇಕಿಲ್ಲ." ಇಬ್ಬರೂ ಸರಿ ಎಂದು ಅವನಿಗೆ ಅನಿಸಿತು. ಇಬ್ಬರೂ ಸರಿಯಿರುವಾಗ ಏನು ಮಾಡಬೇಕು ಎಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ. ಅಧ್ಯಕ್ಷೆ ಅವನ ಕಡೆ ತಿರುಗಿದರು. "ನೀವೇನಂತೀರಿ?"

ಅವನು ಎದ್ದ. ಕೈಯಲ್ಲಿ ಟಿಪ್ಪಣಿಯಿತ್ತು. ಅದನ್ನು ಓದಿದರೆ ಮುಗಿಯಿತು, ಮೇಜು ತಟ್ಟುತ್ತಾರೆ, ಚಹಾ ಬರುತ್ತದೆ. "ಓದೋದಕ್ಕೆ ಮುಂಚೆ ಒಂದು ವಿಷಯ ಹೇಳಬೇಕು" ಎಂದ. ತನ್ನ ದನಿ ದೂರದ ಕೋಣೆಯಿಂದ ಬಂದಂತೆ ಕೇಳಿಸಿತು. "ಮೇಲಿನ ಬೀದೀಲಿ ನನ್ನ ಅಕ್ಕ ಇದಾಳೆ. ಸ್ವಂತ ಅಕ್ಕ. ಇದು ಸಭೆಗೆ ಗೊತ್ತಿರಬೇಕು." ಹೇಳಿ ಮುಗಿಸಿ ಉಸಿರು ಹಿಡಿದು ನಿಂತ. ಏನೂ ಆಗಲಿಲ್ಲ. ಅಧ್ಯಕ್ಷೆಯ ಮುಖದಲ್ಲಿ ಸಣ್ಣ ನಗು ಬಂತು. "ಗೊತ್ತಲ್ಲ ಸಾರ್. ಯಾರಿಗೆ ಗೊತ್ತಿಲ್ಲ? ನನ್ನ ಮಗಳ ಸ್ಕೂಲ್ ಬಟ್ಟೆ ಅವರೇ ಹೊಲಿಯೋದು." ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವನನ್ನು ಪ್ರೀತಿಯಿಂದ ನೋಡಿದರು. "ಅದಕ್ಕೇ ಅಲ್ವೇನಪ್ಪ ನಿಮ್ಮ ಮಾತಿಗೆ ಬೆಲೆ! ಸ್ವಂತ ಅಕ್ಕ ಅಲ್ಲಿ ನೀರು ಹೊರ್ತಿದಾರೆ, ಆದ್ರೂ ಇವರು ಬೇಡ ಅಂತಾರೆ ಅಂದ್ರೆ, ನಿಜವಾಗ್ಲೂ ಆಗದ ಮಾತು ಅಂತ ತಾನೇ ಅರ್ಥ? ಪ್ರತಿ ವರ್ಷ ನಾನು ಎಲ್ಲರಿಗೂ ಇದನ್ನೇ ಹೇಳ್ತಿದ್ದೆ."

ಅವನಿಗೆ ಒಂದು ಕ್ಷಣ ಎದುರಿನ ಮುಖಗಳೆಲ್ಲ ಮಸುಕಾದವು. ಯಾರೂ ಏನೂ ಅನ್ನದಿರಲಿ ಎಂದು ಅವನು ಬೇಡ ಎಂದಿದ್ದ. ಅವನು ಬೇಡ ಎಂದದ್ದಕ್ಕೆ ಅಕ್ಕನೇ ಇವರಿಗೆ ಸಾಕ್ಷಿಯಾಗಿದ್ದಳು. ಅವಳು ಕೊಡ ಹೊತ್ತು ಹತ್ತಿದ ಒಂದೊಂದು ದಿನವೂ ಅವನ ಮಾತಿನ ತೂಕ ಹೆಚ್ಚುತ್ತಾ ಹೋಗಿತ್ತು, ಮಾತಿನ ತೂಕ ಹೆಚ್ಚಿದಷ್ಟೂ ನೀರು ದೂರ ಹೋಗಿತ್ತು. ಆ ಬೀದಿಯಲ್ಲಿ ಅವನ ಸಂಬಂಧಿಕರು ಯಾರೂ ಇರದಿದ್ದರೆ ಎಂದೋ ನಲ್ಲಿ ಬಂದಿರುತ್ತಿತ್ತು. ಬೀದಿ ಅವಳೊಬ್ಬಳದಲ್ಲ ಎಂದು ಬೆಳಿಗ್ಗೆ ತಾನೇ ಹೇಳಿದ್ದ. ಟಿಪ್ಪಣಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಆಗದ ಮಾತಲ್ಲ" ಎಂದ. "ಆಗುತ್ತೆ. ಹೋದ ವರ್ಷವೂ ಆಗ್ತಿತ್ತು. ನದಿ ಮತ್ತೆ ಬಂದ್ರೆ ಊರು ಒಂದು ವರ್ಷ ಉಸಿರಾಡೋಷ್ಟು ಮೀಸಲಲ್ಲಿ ಆಗಲೇ ಇದೆ. ಅದರ ಮೇಲೆ ಇಡ್ತಿರೋದು ನೆರೆಗಲ್ಲ. ನನ್ನ ಹೆಸರಿಗೆ. ಈ ವರ್ಷದ್ದನ್ನ ಟ್ಯಾಂಕಿಗೆ ಹಾಕಿ." ಔಷಧಿ ಅಂಗಡಿಯ ಸದಸ್ಯ ಖುಷಿಯಲ್ಲಿ, ಯೋಚಿಸದೆ, "ಏನ್ ಸಾರ್, ಅಕ್ಕ ಕಿವಿ ಹಿಂಡಿದ್ರಾ?" ಎಂದುಬಿಟ್ಟ. ಸಭೆಯೆಲ್ಲ ನಕ್ಕಿತು. ಅವನು ಇಷ್ಟು ವರ್ಷ ಹೆದರಿದ್ದ ಮಾತು ಬಂದೇ ಬಂತು, ನಗುವಿನೊಳಗೆ ಕಲೆತು, ಹೋಗಿಯೂ ಹೋಯಿತು. ಇದಕ್ಕೇ ಹೆದರಿದ್ದೆನೇ ಎಂದು ಅವನಿಗೆ ಸೋಜಿಗವಾಯಿತು. "ಅವಳು ಇವತ್ತಿನವರೆಗೆ ಒಂದು ಮಾತೂ ಕೇಳಿಲ್ಲ" ಎಂದು ಕೂತುಕೊಂಡ. ಕೈಯೆತ್ತಿಸಿದರು, ಪಾಸಾಯಿತು. ಮೇಷ್ಟ್ರು ಮಾತ್ರ ತಮ್ಮ ವಿರೋಧವನ್ನು ಬರೆದುಕೊಳ್ಳಲು ಹೇಳಿದರು. ಹೊರಗೆ ಬರುವಾಗ ಅವನ ತೋಳು ಹಿಡಿದು, "ಮುಂದಿನ ನೆರೆಗೆ ನೀವೇ ಉತ್ತರ ಕೊಡಬೇಕಾಗುತ್ತೆ, ನೆನಪಿರಲಿ" ಎಂದರು. ಅದು ಬೆದರಿಕೆಯಲ್ಲ, ನಿಜವೇ ಆಗಿತ್ತು. ಕೊಡುತ್ತೇನೆ ಎಂದ.

ಸಂಜೆ ಅವನು ನೇರ ಮೆಟ್ಟಿಲುಗಳ ಕಡೆ ನಡೆದ. ಮನಸ್ಸು ಹಗುರಾಗಿತ್ತು, ಕಾಲುಗಳು ಮಾತ್ರ ಅರ್ಧದಲ್ಲೇ ಸೋತವು, ಗೋಡೆ ಹಿಡಿದು ನಿಂತು ಏದುಸಿರು ಬಿಟ್ಟ. ಕೈಯಲ್ಲಿ ಏನೂ ಇಲ್ಲದೆಯೇ ಹೀಗೆ. ಅಕ್ಕನಿಗೆ ಹೇಗೆ ಹೇಳುವುದು, ಮೊದಲು ಕ್ಷಮೆ ಕೇಳುವುದೋ ಮೊದಲು ಸುದ್ದಿ ಹೇಳುವುದೋ ಎಂದು ಮನಸ್ಸಿನಲ್ಲೇ ಜೋಡಿಸುತ್ತಾ ಹೋದ. ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಗಳು ಬೋಳಾಗಿದ್ದವು. ಹೊಲಿಗೆ ಯಂತ್ರವಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆಯಷ್ಟೇ ಇತ್ತು. ಪಾತ್ರೆಗಳು ಗೋಣಿಚೀಲದಲ್ಲಿ, ಬಟ್ಟೆಗಳು ಹಳೇ ಚಾದರದ ಗಂಟುಗಳಲ್ಲಿ, ಮಂಚ ಒಂದು ಮಗ್ಗುಲಾಗಿ ಗೋಡೆಗೊರಗಿತ್ತು. ಅಕ್ಕ ನೆಲದ ಮೇಲೆ ಕೂತು ಹಗ್ಗ ಬಿಗಿಯುತ್ತಿದ್ದಳು. "ಬಂದ್ಯಾ? ಕೂತ್ಕೋ, ಕುರ್ಚಿ ಕೆಳಗೆ ಹೋಯ್ತು, ಗಂಟಿನ ಮೇಲೇ ಕೂತ್ಕೋ" ಎಂದಳು. "ಏನಕ್ಕ ಇದು?" "ಕಾಣಿಸ್ತಿಲ್ವಾ? ಮನೆ ಖಾಲಿ ಮಾಡ್ತಿದೀನಿ. ಕೆಳಗೆ ನಾನು ಹೊಲಿದು ಕೊಡೋ ಬಟ್ಟೆ ಅಂಗಡಿ ಹಿಂದೆ ಒಂದು ಕೋಣೆ ಇದೆಯಲ್ಲ, ಅಲ್ಲಿಗೆ. ಅದನ್ನೇ ಹೇಳೋಣ ಅಂತ ಮಧ್ಯಾಹ್ನ ಬಂದಿದ್ದೆ. ಬರೆದು ಕೊಡಿ ಅಮ್ಮಾ ಅಂದೆ" ಎಂದು ನಕ್ಕಳು. ಸೆರಗು ಬಾಯಿಗೆ ಹೋಗಲಿಲ್ಲ, ಬಾಯಿ ತುಂಬಾ ನಕ್ಕಳು.

"ನೀರು ಬರುತ್ತೆ ಅಕ್ಕ" ಎಂದ ಅವನು. ಜೋಡಿಸಿಕೊಂಡಿದ್ದದ್ದೆಲ್ಲ ಮರೆತುಹೋಗಿತ್ತು. "ಪಾಸಾಯ್ತು. ಟ್ಯಾಂಕು ಕಟ್ತಾರೆ." ಅಕ್ಕನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. "ನೀನೇನಂದೆ?" "ಕಟ್ಟಿ ಅಂದೆ." "ನಾನು ಹೋಗ್ತಿದೀನಿ ಅಂತ ಗೊತ್ತಿಲ್ದೇನೇ ಅಂದ್ಯಾ?" "ಅದಕ್ಕೂ ಇದಕ್ಕೂ ಏನು?" ಅವಳು ತಮ್ಮನನ್ನು ದೀರ್ಘವಾಗಿ ನೋಡಿದಳು, ದಡ್ಡ ಮಗುವನ್ನು ನೋಡುವ ಹಾಗೆ. "ನಾನು ಇಲ್ಲಿರೋವರೆಗೆ ನಿನ್ನ ಬಾಯಲ್ಲಿ ಹೂಂ ಬರಲ್ಲ ಕಣೋ. ಇದು ನಂಗೆ ಮೊದಲಿಂದ ಗೊತ್ತು. ಬೀದಿಯೋರಿಗೂ ಗೊತ್ತು. ಯಾರೂ ಹೋಗು ಅಂದಿಲ್ಲ, ಸುಳ್ಳು ಹೇಳಬಾರದು. ಪಕ್ಕದ ಮನೆ ಹುಡುಗಿ, ಹಸೀ ಬಾಣಂತಿ, ಹೋದ ತಿಂಗಳು ಕೊಡ ಸಮೇತ ಜಾರಿ ಬಿದ್ಲು. ಅವಳನ್ನ ಎತ್ತಿ ಕೂರಿಸಿದೆ. ನನ್ನಿಂದ ಬಿದ್ದಳಲ್ಲ ಅನ್ನಿಸ್ತು. ನಾನೊಬ್ಬಳು ಕೆಳಗೆ ಹೋದ್ರೆ ನಿನಗೂ ದಾರಿ ಸಲೀಸಾಗುತ್ತೆ, ಇವರಿಗೂ ನೀರು ಬರುತ್ತೆ ಅಂತ ಲೆಕ್ಕ ಹಾಕಿದೆ. ನೀನೊಬ್ಬನೇ ಏನು ಲೆಕ್ಕದೋನು?" "ನಿನ್ನಿಂದಲ್ಲ ಅಕ್ಕ, ನನ್ನಿಂದ" ಎಂದ. ಅವಳು ಅದನ್ನು ಅಲ್ಲಗಳೆಯಲಿಲ್ಲ.

ಈಗ ಹೋಗಬೇಕಾಗಿಲ್ಲ ಎಂದು ಅವನು ತಕ್ಷಣ ಹೇಳಬೇಕಿತ್ತು. ಅದಕ್ಕಿಂತ ಮುಂಚೆ ಬೇರೊಂದು ವಿಚಾರ ಬಂತು, ಕರೆಯದೆಯೇ, ಹಳೇ ಪರಿಚಯದವನ ಹಾಗೆ ನುಗ್ಗಿ ಬಂತು: ಅವಳು ಹೋಗುವುದೇ ಒಳ್ಳೆಯದಾಯಿತು. ನಾಳೆ ಯಾರೂ ಏನೂ ಅನ್ನುವ ಹಾಗಿಲ್ಲ, ಟ್ಯಾಂಕು ಏಳುವಾಗ ಆ ಬೀದಿಯಲ್ಲಿ ತನ್ನವರೆಂದು ಯಾರೂ ಇರುವುದಿಲ್ಲ, ಎಲ್ಲ ಚೊಕ್ಕಟ. ಅರೆಗಳಿಗೆಯಷ್ಟೇ ಇದ್ದ ವಿಚಾರ. ಆದರೆ ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. "ನೋಡು, ಮುಖ ಹೇಗೆ ಹಗುರಾಯ್ತು" ಎಂದಳು. ಕೋಪವಿರಲಿಲ್ಲ, ಬಟ್ಟೆಯ ಅಳತೆ ಹೇಳುವ ದನಿಯಲ್ಲೇ ಹೇಳಿದಳು. ಅವನಿಗೆ ತಲೆಯೆತ್ತಲಾಗಲಿಲ್ಲ. "ನಾಚಿಕೆಯಾಗ್ತಿದೆ ಅಕ್ಕ" ಎಂದ. "ಆಗಲಿ ಬಿಡು." "ಹೋಗಬೇಡ. ಇಲ್ಲೇ ಇರು. ಅನ್ನೋರು ಅಂದ್ಕೊಳ್ಳಲಿ." ಈ ಸಲ ಅವನು ನಿಜವಾಗಿಯೂ ಹಾಗೆಂದುಕೊಂಡೇ ಹೇಳಿದ್ದ. ಅದು ಅವಳಿಗೂ ಗೊತ್ತಾಯಿತು. ಹಗ್ಗವನ್ನು ಮತ್ತೆ ಬಿಗಿದು ಗಂಟು ಹಾಕಿದಳು. "ತಡವಾಯ್ತಲ್ಲೋ. ಮನೆ ಮಾಲೀಕರಿಗೆ ಮಾತು ಕೊಟ್ಟಾಗಿದೆ, ನಾಳೆ ಬೇರೆಯೋರು ಬರ್ತಾರೆ. ಮೊಣಕಾಲೂ ಈ ಮೆಟ್ಟಿಲು ಸಾಕು ಅಂತಿದೆ. ಇಲ್ಲಿಗೆ ನೀರು ಬರೋದನ್ನ ಕೆಳಗಿಂದ್ಲೇ ನೋಡ್ತೀನಿ, ಏನೀಗ? ಏಳು, ಮಂಚದ ಆ ಕಡೆ ಹಿಡಿ. ಗಾಡಿಯೋನು ಕೆಳಗೆ ಕಾಯ್ತಿದಾನೆ."

ಹಿಡಿದ. ಮಂಚ ಅವನೆಣಿಸಿದ್ದಕ್ಕಿಂತ ಭಾರವಾಗಿತ್ತು. ಅವನು ಮುಂದಿನ ತುದಿ ಹಿಡಿದು, ಮೆಟ್ಟಿಲುಗಳಿಗೆ ಬೆನ್ನು ಮಾಡಿ, ಹಿಂದಹಿಂದಕ್ಕೆ ಇಳಿಯಬೇಕಾಯಿತು. ಮೇಲಿನ ತುದಿಯಲ್ಲಿ ಅಕ್ಕ ಕುಂಟುತ್ತಾ ಬರುತ್ತಿದ್ದಳು. ಕೆಳಗಿನಿಂದ ತುಂಬಿದ ಕೊಡ ಹೊತ್ತು ಬರುತ್ತಿದ್ದ ಹೆಂಗಸರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಅವರಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ. ಅವನಿಗೆ ಕಾಲು ಎಲ್ಲಿಡುತ್ತಿದ್ದೇನೆಂದು ತಿಳಿಯದೆ ಗಾಬರಿಯಾಯಿತು, ಕತ್ತು ಹೊರಳಿಸಿ ಹೊರಳಿಸಿ ಕೆಳಗೆ ನೋಡತೊಡಗಿದ. "ಆ ಕಡೆ ನೋಡಬೇಡ, ಬೀಳ್ತೀಯ. ಮೆಟ್ಟಿಲು ನಾನು ಹೇಳ್ತೀನಿ. ನೀನು ನನ್ನ ನೋಡು" ಎಂದಳು ಅಕ್ಕ. ಅವನು ನೋಡಿದ. ಅವಳಿಗೆ ಎಷ್ಟೊಂದು ವಯಸ್ಸಾಗಿತ್ತು.